ದಡದಲ್ಲಿದ್ದು ಬೋಟು ನಡೆಸುವ ಕೆಲಸ

ಮಲ್ಪೆಯಲ್ಲಿ ನಮ್ಮ ಮನೆಯದ್ದೊಂದು ಟ್ರಾಲ್ ಬೋಟು ಇದೆ. ಆಳಸಮುದ್ರದ್ದು, ಒಮ್ಮೆ ಅಳಿವೆ ದಾಟಿದರೆ ತಿರುಗಿ ದಕ್ಕೆಗೆ (ಬೋಟು ಕಟ್ಟುವ ಕಟ್ಟೆಗೆ) ಬರುವುದು ಎಂಟು-ಹತ್ತು ದಿನ ಬಿಟ್ಟು. ನಮ್ಮ ಯಜಮಾನರೇ ತಾಂಡೇಲ, ಅಂದರೆ ಬೋಟು ನಡೆಸುವವರು. ಭಾವ ಎಂಜಿನ್ ನೋಡಿಕೊಳ್ಳುತ್ತಾರೆ. ಬೋಟಿನಲ್ಲಿ ದುಡಿಯುವ ಕಲಾಸಿಗಳಲ್ಲಿ ಇಬ್ಬರು ನಮ್ಮ ಪಡುಕರೆಯವರು, ಉಳಿದವರು ಭಟ್ಕಳ, ಹೊನ್ನಾವರ ಕಡೆಯವರು. ನಾನು ಬೋಟಿನಲ್ಲಿ ಹೋಗುವವಳಲ್ಲ. ಡೀಸೆಲ್, ಐಸ್, ರೇಶನ್, ಏಲಂ, ಕಲಾಸಿಗಳ ಪಾಲು, ಬ್ಯಾಂಕಿನ ಕಂತು, ಲೈಸೆನ್ಸು, ಇನ್ಶೂರೆನ್ಸು, ಹೀಗೆ ದಡದ ಮೇಲಿನ ಕೆಲಸವೆಲ್ಲ ನನ್ನದು. ಮಾವನಿಗೆ ಕಣ್ಣು ಮಂಜಾದ ಮೇಲೆ ಅವರ ಲೆಕ್ಕದ ಪುಸ್ತಕ ಓದಿ ಹೇಳುವುದು ನನ್ನ ಪಾಲಿಗೆ ಬಂತು. ಓದಿ ಹೇಳುತ್ತಿದ್ದವಳು ಆಮೇಲೆ ಬರೆಯತೊಡಗಿದೆ. ಈಗ ಬೋಟು ಹೊರಡಬೇಕೋ ಬೇಡವೋ ಎಂದು ಕೂತು ಮಾತಾಡುವಾಗ ನನ್ನದೂ ಒಂದು ಮಾತು ಇರುತ್ತದೆ.

ಮಾವನ ಪುಸ್ತಕಗಳು ಹಳೆ ಟ್ರಂಕಿನಲ್ಲಿ ಇನ್ನೂ ಇವೆ. ಬಿಡುವಿದ್ದಾಗ ಅವನ್ನೆಲ್ಲ ನನ್ನ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಿದ್ದೇನೆ. ಕೈಯಲ್ಲಿ ದುಡ್ಡು ಉಳಿದ ವರ್ಷಕ್ಕೂ ಸಾಲ ಏರಿದ ವರ್ಷಕ್ಕೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಪುಟಗಳಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆಗ ಹೆಚ್ಚುಕಡಿಮೆ ಎಲ್ಲ ಬೋಟಿಗೂ ಮೀನು ಬೀಳುತ್ತದೆ. ವ್ಯತ್ಯಾಸ ಇರುವುದು ಜನವರಿಯಿಂದ ಮಾರ್ಚ್‌ವರೆಗಿನ ಡೀಸೆಲ್ ಬಿಲ್ಲಿನಲ್ಲಿ, ಆಮೇಲೆ ಜೂನ್-ಜುಲೈ ತಿಂಗಳ ರಿಪೇರಿ ಬಿಲ್ಲಿನಲ್ಲಿ. ಬಲೆ ತುಂಬ ಮೀನು ಬಿದ್ದರೆ ಸುದ್ದಿ ಊರೆಲ್ಲ ಹಬ್ಬುತ್ತದೆ, ಫೋಟೋ ಎಲ್ಲರ ಮೊಬೈಲಿಗೂ ಬರುತ್ತದೆ. ಆದರೆ ಮನೆಯ ಬೋಟು ಮನೆಯವರ ಹೆಸರಿನಲ್ಲೇ ಉಳಿಯುವುದು ಮೀನಿಲ್ಲದ ತಿಂಗಳುಗಳಲ್ಲಿ ನಾವು ಎಷ್ಟು ಕೈ ಬಿಗಿ ಹಿಡಿದೆವು ಎಂಬುದರ ಮೇಲೆ. ಬೋಟು ಮಾಡಬೇಕು ಎಂದು ವಿಚಾರಿಸಿಕೊಂಡು ಬರುವ ಹುಡುಗರಿಗೆ ನಾನು ಮೊದಲು ಆ ಪುಟಗಳನ್ನೇ ತೋರಿಸುತ್ತೇನೆ.

ನಮ್ಮಂಥ ಬೋಟಿಗೆ ಒಂದು ಟ್ರಿಪ್ಪಿಗೆ 5ರಿಂದ 6 ಸಾವಿರ ಲೀಟರ್ ಡೀಸೆಲ್ ಬೇಕು. ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ. ಟ್ರಾಲ್ ಅಂದರೆ ಬಲೆಯನ್ನು ಕಡಲಿನ ತಳಕ್ಕೆ ಬಿಟ್ಟು ಎರಡು-ಮೂರು ಗಂಟೆ ಎಳೆಯುತ್ತ ಹೋಗುವುದು. ಬಲೆಯ ಬಾಯಿ ಅಗಲಕ್ಕೆ ತೆರೆದಿರಲಿ ಎಂದು ಎರಡು ಬದಿಗೂ ಭಾರದ ಬೋರ್ಡುಗಳಿರುತ್ತವೆ. ಎತ್ತಿ, ಮೀನು ಸುರಿದು, ಪುನಃ ಬಿಡುವುದು. ಹಗಲು ರಾತ್ರಿ ಅದೇ ಕೆಲಸ. ಎಂಜಿನ್‌ಗೆ ಪುರುಸೊತ್ತು ಅಂತ ಇಲ್ಲ. ಮೀನುಗಾರಿಕೆ ಬೋಟುಗಳ ಡೀಸೆಲಿಗೆ ರಾಜ್ಯ ಸರಕಾರ ಮಾರಾಟ ತೆರಿಗೆ ಬಿಡುತ್ತದೆ. ಇಡೀ ರಾಜ್ಯಕ್ಕೆ ವರ್ಷಕ್ಕೆ 1.5 ಲಕ್ಷ ಕಿಲೋಲೀಟರ್ ಇದ್ದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 2 ಲಕ್ಷಕ್ಕೆ ಏರಿಸಿದರು. ಈ ರಿಯಾಯಿತಿ ಇಲ್ಲದಿದ್ದರೆ ಫೆಬ್ರವರಿಯಲ್ಲಿ ನಮ್ಮ ಬೋಟು ದಕ್ಕೆ ಬಿಡುವ ಮಾತೇ ಇಲ್ಲ.

ಇಲ್ಲಿಂದಲೇ ನಮ್ಮಲ್ಲೊಂದು ಕ್ರಮ ಬಂತು. ಸ್ವಲ್ಪ ದೂರ ಹೋದ ಮೇಲೆ ಮೊಬೈಲ್ ಸಿಗುವುದಿಲ್ಲ. ಆಮೇಲೆ ವೈರ್‌ಲೆಸ್ ಮಾತ್ರ, ಅದೂ ಬೋಟಿನಿಂದ ಬೋಟಿಗೆ. ದಡದಿಂದ ಕರೆದು "ಸಾಕು, ಬನ್ನಿ" ಎಂದು ಹೇಳುವ ಹಾಗಿಲ್ಲ. ಕಡಲಿನಲ್ಲಿ ಇರುವವರಿಗೋ, ಮುಂದಿನ ಎಳೆತಕ್ಕೆ ಮೀನು ಬಿದ್ದೇ ಬೀಳುತ್ತದೆ ಎನಿಸುತ್ತದೆ. ಹಾಗೆ ಎನಿಸದಿದ್ದರೆ ಅವರು ತಾಂಡೇಲರಾಗುತ್ತಲೂ ಇರಲಿಲ್ಲ. ಅದಕ್ಕೆ ಹೊರಡುವ ಹಿಂದಿನ ರಾತ್ರಿಯೇ ಇವರು, ಭಾವ, ನಾನು ಮೂವರೂ ಕೂತು ಮಾತು ಮಾಡಿಕೊಳ್ಳುತ್ತೇವೆ: ಅರ್ಧ ಡೀಸೆಲ್ ಮುಗಿಯುವಾಗ ಇಷ್ಟು ಬಾಕ್ಸ್ ಮೀನು ಆಗಿರಬೇಕು, ಆಗದಿದ್ದರೆ ತಿರುಗಬೇಕು. ಆ ಸಂಖ್ಯೆ ತಿಂಗಳಿಂದ ತಿಂಗಳಿಗೆ ಬೇರೆ, ಯಾವ ಮೀನಿಗೆ ಎಷ್ಟು ರೇಟು ನಡೆಯುತ್ತಿದೆ ಎಂದು ನೋಡಿ ನಾನು ಹೇಳುತ್ತೇನೆ. ಮೊದಮೊದಲು ಭಾವನಿಗೆ ಇದು ಸರಿ ಕಾಣಲಿಲ್ಲ. "ಕಡಲಿಗೆ ಹೋದವನಿಗೆ ಮನೆಯಿಂದ ಹಗ್ಗ ಕಟ್ಟಿದ ಹಾಗೆ ಆಯ್ತಲ್ಲ ಮಾರಾಯ್ತಿ" ಅಂದರು. ವರ್ಷದ ಕೊನೆಗೆ ಎರಡು ವರ್ಷದ ಡೀಸೆಲ್ ಬಿಲ್ಲು ಪಕ್ಕಪಕ್ಕ ಇಟ್ಟು ತೋರಿಸಿದೆ. ಆಮೇಲೆ ಆ ಸಂಖ್ಯೆಯನ್ನು ಅವರೇ ವೀಲ್‌ಹೌಸಿನ (ಚುಕ್ಕಾಣಿ ಹಿಡಿಯುವ ಕೋಣೆ) ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಹೋಗುತ್ತಾರೆ.

ಪಾಲಿನ ಲೆಕ್ಕ ಬೋಟಿನಿಂದ ಬೋಟಿಗೆ ಬೇರೆ. ನಮ್ಮಲ್ಲಿ ಒಟ್ಟು ಮಾರಾಟದಿಂದ ಡೀಸೆಲ್, ಐಸ್, ರೇಶನ್, ಏಲಂ ಕಮಿಷನ್ ಕಳೆದು, ಉಳಿದದ್ದನ್ನು ಬೋಟಿಗೆ ಇಷ್ಟು, ಕಲಾಸಿಗಳಿಗೆ ಇಷ್ಟು ಎಂದು ಹಂಚುತ್ತೇವೆ. ತಾಂಡೇಲನಿಗೆ ಸ್ವಲ್ಪ ಹೆಚ್ಚು. ಮೀನು ಆಗಲಿ ಬಿಡಲಿ, ದಿನದ ಭತ್ತೆ ಅಂತ ಕಲಾಸಿಗೆ ಸಲ್ಲಲೇಬೇಕು. ನಾನು ಮಾಡುವುದಿಷ್ಟೇ: ಲೆಕ್ಕವನ್ನು ಒಳಗೆ ಕೂತು ಮಾಡುವುದಿಲ್ಲ. ಜಗಲಿಯಲ್ಲಿ ಎಲ್ಲರ ಎದುರು ಬಿಲ್ಲು ಒಂದೊಂದಾಗಿ ಓದಿ, ಅವರಲ್ಲೇ ಒಬ್ಬನ ಕೈಯಲ್ಲಿ ಕೂಡಿಸಿ ಕಳೆಯಿಸಿ ಬರೆಸುತ್ತೇನೆ. ಒಳ್ಳೆ ಕಲಾಸಿಗಳು ಸಿಗುವುದೇ ಕಷ್ಟವಾಗಿರುವ ಕಾಲ ಇದು. ಊರಿನ ಹುಡುಗರು ಮುಂಬಯಿಗೋ ಗಲ್ಫಿಗೋ ಹೋಗುತ್ತಾರೆ. ಬಂದವರು ಮುಂದಿನ ವರ್ಷವೂ ಬರಬೇಕಾದರೆ ಲೆಕ್ಕದಲ್ಲಿ ಸಂಶಯ ಇರಬಾರದು.

ಇನ್ನು ವರ್ಷದ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, 61 ದಿನ, ಪಶ್ಚಿಮ ಕರಾವಳಿಗೆಲ್ಲ ಒಂದೇ ಲೆಕ್ಕ. ಅದು ಮುಗಿದ ಮರುದಿನವೇ ಹೊರಡಲು ಕಾಗದದಲ್ಲಿ ಅಡ್ಡಿ ಇಲ್ಲ, ಅಡ್ಡಿ ಇರುವುದು ಕಡಲಿನಲ್ಲಿ. ಅಳಿವೆಯ ಬಾಯಲ್ಲಿ ಅಲೆ ಒಡೆಯುತ್ತಿದ್ದರೆ ನಾವು ಹೋಗುವುದಿಲ್ಲ. ಹೆಚ್ಚಾಗಿ ಸಮುದ್ರ ಪೂಜೆ ಆದ ಮೇಲೆಯೇ ನಮ್ಮ ಬೋಟು ಹೊರಡುವುದು. ವಡಭಾಂಡೇಶ್ವರದ ಬಲರಾಮ ದೇವರಿಗೆ, ಬೊಬ್ಬರ್ಯ ದೈವಕ್ಕೆ ಪ್ರಾರ್ಥನೆ ಸಲ್ಲಿಸಿ, ಮೆರವಣಿಗೆಯಲ್ಲಿ ಕಡಲ ತಡಿಗೆ ಹೋಗಿ ಹಾಲು, ಹೂವು, ತೆಂಗಿನಕಾಯಿ ಅರ್ಪಿಸುವುದು. ಅದಕ್ಕೆ ಮುಂಚೆ ಒಂದು ದಿನ ಮನೆಮಂದಿ ಎಲ್ಲ ಉಚ್ಚಿಲದ ಮಹಾಲಕ್ಷ್ಮಿಗೆ ಹೋಗಿ ಬರುತ್ತೇವೆ. ಬೋಟಿನ ಹೊಸ ರೋಪಿನ ಒಂದು ತುಂಡು, ಕುಂಕುಮ, ಹೂವು ವೀಲ್‌ಹೌಸಿನಲ್ಲಿ ಇಡೀ ವರ್ಷ ಇರುತ್ತದೆ.

ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಮೀನಿನ ಕಾಲ. ಬೊಂಡಾಸ್ (ಸ್ಕ್ವಿಡ್), ಕಪ್ಪೆ ಬೊಂಡಾಸ್ (ಕಟಲ್‌ಫಿಶ್), ರಾಣಿ ಮೀನು, ಪಾಂಬೋಳ್, ಅರಣೆ, ಸಿಗಡಿ. ಬಂಗುಡೆ, ಬೂತಾಯಿ ಹೆಚ್ಚಾಗಿ ಮೀನಿನ ಗುಂಪನ್ನು ಸುತ್ತುವರಿದು ಬಲೆ ಹಾಕುವ ಪರ್ಸೀನ್‌ನವರದ್ದು. ಈ ತಿಂಗಳುಗಳಲ್ಲಿ ಕಷ್ಟ ಮೀನು ಹಿಡಿಯುವುದಲ್ಲ, ಹಿಡಿದದ್ದಕ್ಕೆ ರೇಟು ಪಡೆಯುವುದು. ಎಲ್ಲ ಬೋಟೂ ಒಂದೇ ವಾರ ದಕ್ಕೆಗೆ ಬಂದರೆ ಏಲಂನಲ್ಲಿ ಕೇಳುವವರೇ ಕಡಿಮೆ.

ನಾನು ಅತಿ ಹೆಚ್ಚು ಕಲಿತದ್ದು ಅತ್ತೆಯಿಂದ. ಅವರು ಬುಟ್ಟಿ ಹೊತ್ತು ಉಡುಪಿ, ಮಣಿಪಾಲದ ಮನೆಮನೆಗೆ ಮೀನು ಮಾರಿದವರು. ಕಿವಿರು ಎತ್ತಿ ಬಣ್ಣ ನೋಡುವುದು, ಹೊಟ್ಟೆಯ ಹತ್ತಿರ ಬೆರಳು ಒತ್ತಿ ಗುಳಿ ಉಳಿಯುತ್ತದೋ ಮೇಲೆ ಬರುತ್ತದೋ ನೋಡುವುದು, ಬೊಂಡಾಸ್ ಆದರೆ ಚರ್ಮ ಕೆಂಪಡರಿದೆಯೋ ಎಂದು ನೋಡುವುದು, ಇದೆಲ್ಲ ಅವರಿಂದಲೇ ಬಂದದ್ದು. ದಕ್ಕೆಯಲ್ಲಿ ಬೆಳಗ್ಗೆ ವ್ಯಾಪಾರಿ ಮಾಡುವುದೂ ಅದನ್ನೇ. ಅವನು ಮೇಲಿನ ನಾಲ್ಕು ಮೀನು ನೋಡುವುದಿಲ್ಲ. ಬಾಕ್ಸಿನೊಳಗೆ ಕೈ ಹಾಕಿ ತಳದ ಮೀನು ಎತ್ತುತ್ತಾನೆ. ತಳದಲ್ಲಿ ಮೊದಲ ದಿನದ ಮೀನಿದ್ದು ಮೇಲೆ ಕೊನೆಯ ದಿನದ್ದಿದ್ದರೆ, ಇಡೀ ಲಾಟಿಗೆ ತಳದ ಮೀನಿನ ರೇಟೇ.

ಇದನ್ನು ನೋಡಿ ನೋಡಿ ನಾವು ಕ್ರೇಟಿನ ಬಣ್ಣ ಬೇರೆ ಮಾಡಿದೆವು. ಟ್ರಿಪ್ಪಿನ ಮೊದಲ ಮೂರು-ನಾಲ್ಕು ದಿನದ ಮೀನು ನೀಲಿ ಕ್ರೇಟಿಗೆ, ನಡುವಿನದ್ದು ಹಳದಿಗೆ, ಕೊನೆಯ ಎರಡು ದಿನದ್ದು ಕೆಂಪಿಗೆ. ಕೆಂಪು ಕ್ರೇಟು ಮೊದಲು ಏಲಂಗೆ ಇಡುತ್ತೇನೆ. ಅದಕ್ಕೆ ಒಳ್ಳೆ ರೇಟು ಬಿದ್ದರೆ ಉಳಿದದ್ದಕ್ಕೂ ಮಾತು ಅಲ್ಲಿಂದಲೇ ಶುರುವಾಗುತ್ತದೆ. ನೀಲಿಯದ್ದನ್ನು ಹಳೆಯದು ಎಂದು ಹೇಳಿಯೇ ಕೊಡುತ್ತೇನೆ. ಕೆಲವು ವ್ಯಾಪಾರಿಗಳು ಈಗ ನಮ್ಮ ಕೆಂಪು ಕ್ರೇಟಿಗೆ ಕೈ ಹಾಕದೆ ಕೇಳುತ್ತಾರೆ. ಇದಕ್ಕೆ ಆದ ಖರ್ಚು ಕ್ರೇಟಿನದ್ದು ಮಾತ್ರ.

ಐಸ್ ಹಾಕುವುದರಲ್ಲೂ ಅಷ್ಟೇ ಕೆಲಸ ಇದೆ. ಬೋಟಿನಲ್ಲಿ ಮೀನಿಡುವ ಸ್ಟೋರೇಜಿನ ತಳಕ್ಕೆ ಮೊದಲು ಪುಡಿ ಐಸು, ಅದರ ಮೇಲೆ ಮೀನು, ಮತ್ತೆ ಐಸು. ತುಂಬ ಎತ್ತರಕ್ಕೆ ಒಟ್ಟಿದರೆ ತಳದ ಮೀನು ಜಜ್ಜಿಹೋಗುತ್ತದೆ. ಕರಗಿದ ನೀರು ನಿಲ್ಲಬಾರದು, ಮೀನು ಕೆಡುವುದು ಆ ನೀರಿನಲ್ಲಿ ನೆನೆದೇ. ಕಪ್ಪೆ ಬೊಂಡಾಸನ್ನು ಬೇರೆ ಮೀನಿನ ಜತೆ ಹಾಕಿದರೆ ಅದರ ಮಸಿ ಎಲ್ಲದಕ್ಕೂ ಹಿಡಿಯುತ್ತದೆ, ಅದನ್ನು ಸಮುದ್ರದ ನೀರಿನಲ್ಲಿ ತೊಳೆದು ಪ್ರತ್ಯೇಕ ಇಡಬೇಕು. ಕಲಾಸಿ ಮೂರು ಗಂಟೆ ರಾತ್ರಿಗೆ ನಿದ್ದೆಗಣ್ಣಿನಲ್ಲಿ ಇದನ್ನು ಸರಿಯಾಗಿ ಮಾಡುತ್ತಾನೋ ಇಲ್ಲವೋ ಎಂಬುದರ ಮೇಲೆ ನನ್ನ ಏಲಂ ನಿಂತಿದೆ. ರೇಟು ಒಳ್ಳೆಯದು ಬಂದ ದಿನ ಸ್ಟೋರೇಜಿಗೆ ಇಳಿಯುವ ಇಬ್ಬರಿಗೆ ಬೇರೆಯೇ ಸ್ವಲ್ಪ ಕೊಡುತ್ತೇವೆ.

ಡಿಸೆಂಬರ್‌ನಿಂದ ಮೀನು ತಗ್ಗುತ್ತದೆ. ಬೋಟುಗಳು ಇನ್ನೂ ಆಳಕ್ಕೆ, ಉತ್ತರಕ್ಕೆ ಹೋಗುತ್ತವೆ, ಗೋವಾ, ಮಹಾರಾಷ್ಟ್ರದ ಕಡೆಗೆ. ದಡದಿಂದ 12 ನಾಟಿಕಲ್ ಮೈಲಿನ ಒಳಗೆ ಆಯಾ ರಾಜ್ಯದ ಕಾನೂನು. ಅಲ್ಲಿ ಸಿಕ್ಕಿಬಿದ್ದರೆ ಬೋಟು ಹಿಡಿದು ದಂಡ ಹಾಕುತ್ತಾರೆ, ಹಿಡಿದ ಮೀನೂ ಹೋಗುತ್ತದೆ.

ಈ ತಿಂಗಳು ಬಂದರೆ ಮಲ್ಪೆಯವರು ಯಾರೂ ಸುವರ್ಣ ತ್ರಿಭುಜವನ್ನು ಮರೆಯುವುದಿಲ್ಲ. 2018ರ ಡಿಸೆಂಬರ್ 13ರಂದು ಇಲ್ಲಿಂದಲೇ ಹೊರಟ ಬೋಟು, ಒಳಗೆ 7 ಜನ. ಎರಡು ದಿನದಲ್ಲಿ ಸಂಪರ್ಕ ಕಡಿಯಿತು. ಜನವರಿಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದು, ಹೆದ್ದಾರಿಯಲ್ಲಿ ಕೂತು, ಹುಡುಕಿಕೊಡಿ ಎಂದು ಕೇಳಿದರು. ನಾನೂ ಆ ಗುಂಪಿನಲ್ಲಿ ನಡೆದವಳು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಹಡಗಿಗೆ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಕಡಲ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು. ಆ ಏಳು ಮನೆಗಳವರು ತಿಂಗಳುಗಟ್ಟಲೆ ಕಾದದ್ದನ್ನು ನಾವು ಹತ್ತಿರದಿಂದ ನೋಡಿದ್ದೇವೆ. ಅದರ ನಂತರ ನಮ್ಮ ಬೋಟು ಒಂಟಿಯಾಗಿ ಉತ್ತರಕ್ಕೆ ಹೋದದ್ದಿಲ್ಲ. ಎರಡು ಬೋಟು ಜತೆಯಾಗಿ ಹೊರಡುತ್ತವೆ, ಬೆಳಗ್ಗೆ ಮತ್ತು ರಾತ್ರಿ ಊಟದ ಹೊತ್ತಿಗೆ ವೈರ್‌ಲೆಸ್‌ನಲ್ಲಿ ತಾವಿರುವ ಜಾಗ ಹೇಳಿಕೊಳ್ಳುತ್ತವೆ. ದಡಕ್ಕೆ ಹತ್ತಿರ ಬರುವ ಬೋಟು ಯಾವುದಾದರೂ ಇದ್ದರೆ ಅದರ ಮೂಲಕ ಸುದ್ದಿ ನನಗೆ ಮುಟ್ಟುತ್ತದೆ. ಆ ಜಾಗವನ್ನೂ ಲೆಕ್ಕದ ಪುಸ್ತಕದಲ್ಲೇ ಬರೆದಿಡುತ್ತೇನೆ, ತಾರೀಕು, ಹೊತ್ತು, ಅಕ್ಷಾಂಶ, ರೇಖಾಂಶ. ಉಪಗ್ರಹದ ಮೂಲಕ ಬೋಟು ಇರುವ ಜಾಗ ತಿಳಿಸುವ ಟ್ರಾನ್ಸ್‌ಪಾಂಡರನ್ನು ಸರಕಾರ ಬೋಟುಗಳಿಗೆ ಉಚಿತವಾಗಿ ಕೊಡತೊಡಗಿದ್ದು ಒಳ್ಳೆಯ ಕೆಲಸ. ಅದನ್ನು ಆಫ್ ಮಾಡಿ ಇಡುವ ಬೋಟಿನಲ್ಲಿ ನಮ್ಮ ಮನೆಯವರು ಯಾರೂ ಹೋಗಬಾರದು ಎಂದು ನಾನು ಖಡಾಖಂಡಿತ ಹೇಳಿದ್ದೇನೆ.

ಫೆಬ್ರವರಿ, ಮಾರ್ಚ್. ಸೆಖೆ, ಬಲೆ ತುಂಬ ಲೋಳೆಮೀನು, ಕೆಲಸಕ್ಕೆ ಬಾರದ ಸಣ್ಣ ಮೀನು. ಎಷ್ಟೋ ಬೋಟು ದಕ್ಕೆಯಲ್ಲೇ ಕಟ್ಟಿರುತ್ತವೆ. ಹೋಗುವವರಿಗೂ ಆಸೆ ಹುಟ್ಟುವುದು ಸಣ್ಣ ಮೀನಿನ ಮೇಲೆ, ಏಕೆಂದರೆ ಫಿಶ್‌ಮೀಲ್ (ಮೀನಿನ ಹುಡಿ ಮಾಡುವ) ಕಾರ್ಖಾನೆಯವರು ಏನಿದ್ದರೂ ತೆಗೆದುಕೊಳ್ಳುತ್ತಾರೆ. ಬೆರಳುದ್ದದ ರಾಣಿ ಮೀನು, ಅರಣೆಯ ಮರಿ, ಪಾಂಬೋಳಿನ ಮರಿ, ಎಲ್ಲ ಒಟ್ಟಿಗೆ ರಾಶಿ ಹಾಕಿ ಲಾರಿಗೆ ತುಂಬುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದೇ ಮರಿ ಆರು ತಿಂಗಳು ಕಡಲಿನಲ್ಲಿ ಇದ್ದಿದ್ದರೆ ಏಲಂನಲ್ಲಿ ಅದರ ರೇಟೇ ಬೇರೆ. 

ಟ್ರಾಲ್ ಬಲೆಯ ಕೊನೆಯ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಇರಬೇಕು ಎಂಬ ನಿಯಮ ಇದೆ. ನಮ್ಮ ಮನೆಯಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಹಳೆ ಬಲೆಯ ಕಣ್ಣು ಶಂಕರಪೋಳಿಯ ಆಕಾರ. ಎಳೆಯುವಾಗ ಉದ್ದಕ್ಕೆ ಜಗ್ಗಿ, ಎರಡು ಬದಿಯ ನೂಲು ಹತ್ತಿರ ಬಂದು ಮುಚ್ಚಿಕೊಳ್ಳುತ್ತದೆ. ಕಣ್ಣಿನ ಅಳತೆ ಎಷ್ಟೇ ಇರಲಿ, ಎಳೆತದಲ್ಲಿ ಮರಿಗೂ ಹೊರಗೆ ಹೋಗುವ ದಾರಿ ಉಳಿಯುವುದಿಲ್ಲ. ಚೌಕ ಕಣ್ಣು ಎಳೆದರೂ ತೆರೆದೇ ಇರುತ್ತದೆ. ಭಾವನ ವಾದ, ನಾವೊಬ್ಬರು ಬಿಟ್ಟರೆ ಪಕ್ಕದ ಬೋಟು ಅದೇ ಮರಿಯನ್ನು ಹಿಡಿಯುತ್ತದೆ ಎಂದು. ಆ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಆದರೆ ಹಾಕಿ ನೋಡಿದೆವು. ಫಿಶ್‌ಮೀಲ್‌ನ ದುಡ್ಡು ಕಡಿಮೆಯಾಯಿತು, ನಿಜ. ಅದರ ಬದಲು ಡೆಕ್ಕಿನ ಮೇಲೆ ಮೀನು ಬೇರೆ ಮಾಡುವ ಹೊತ್ತು ಕಡಿಮೆಯಾಯಿತು, ಒಳ್ಳೆ ಮೀನು ಬೇಗ ಐಸಿಗೆ ಹೋಯಿತು. ಸಿಗಡಿ, ಬೊಂಡಾಸು ರಾಶಿಯ ಅಡಿಗೆ ಬಿದ್ದು ನಜ್ಜುಗುಜ್ಜಾಗುವುದು ತಪ್ಪಿತು. ಲೆಕ್ಕದಲ್ಲಿ ನಮಗೆ ನಷ್ಟ ಆಗಿಲ್ಲ. ಬುಲ್‌ಟ್ರಾಲ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು), ಲೈಟ್ ಫಿಶಿಂಗ್ (ಬೆಳಕು ಬಿಟ್ಟು ಮೀನು ಸೆಳೆದು ಹಿಡಿಯುವುದು) ಎರಡನ್ನೂ ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ರಾತ್ರಿ ಕಡಲಿನಲ್ಲಿ ಈಗಲೂ ಆ ಬೆಳಕು ಕಾಣುತ್ತದೆ ಎಂದು ಇವರು ಬಂದು ಹೇಳುವಾಗ ನನಗೆ ತಡೆಯಲಾಗುವುದಿಲ್ಲ. ನಿಯಮ ಪಾಲಿಸಿದವನಿಗೇ ನಷ್ಟ ಆಗುವಂತೆ ಇದ್ದರೆ ಅದು ಎಷ್ಟು ದಿನ ನಡೆದೀತು?

ಏಪ್ರಿಲ್, ಮೇ ತಿಂಗಳಲ್ಲಿ ಕಣ್ಣೆಲ್ಲ ಹವಾಮಾನದ ಮೇಲೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯವರು ಉಪಗ್ರಹದಿಂದ ನೀರಿನ ಬಿಸಿ, ಹಸಿರು ಪಾಚಿಯ ಪ್ರಮಾಣ ನೋಡಿ ಮೀನು ಸಿಗಬಹುದಾದ ಜಾಗ ತಿಳಿಸುತ್ತಾರೆ. ಮೇಲ್ನೀರಿನ ಬಂಗುಡೆ ಹಿಡಿಯುವವರಿಗೆ ಅದರ ಉಪಯೋಗ ಹೆಚ್ಚು. ತಳದಲ್ಲಿ ಎಳೆಯುವ ನಮಗೆ ಬೇಕಾದದ್ದು ಅವರದೇ ಅಲೆಯ ಮುನ್ಸೂಚನೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಉಡುಪಿ ಕರಾವಳಿಯ ಹಲವು ಕಡೆ ಅಲೆ ರಸ್ತೆಯವರೆಗೆ ಬಂದಿತ್ತು. ಎಚ್ಚರಿಕೆ ಮೊದಲೇ ಸಿಕ್ಕಿದ್ದರಿಂದ ನಮ್ಮ ಬೋಟು ದಕ್ಕೆಯಲ್ಲಿತ್ತು. ಮೇ ಕೊನೆಯ ಟ್ರಿಪ್ಪಿನ ಆಸೆಗೆ ಬೀಳುವುದನ್ನು ಅದರ ನಂತರ ಬಿಟ್ಟೆವು. ಇದೇ ತಿಂಗಳಲ್ಲಿ ಅತ್ತೆಯದು ಒಣಮೀನಿನ ಕೆಲಸ. ಸಿಗಡಿ, ನಂಗ್ ಮೀನು, ಅಂಗಳ ತುಂಬ. ಮಳೆಗಾಲದ ನಮ್ಮ ಊಟವೂ ಅದೇ, ಅತ್ತೆಯ ಸ್ವಂತ ಸಂಪಾದನೆಯೂ ಅದೇ.

ಜೂನ್ ಬಂದರೆ ಬೋಟು ಮೇಲಕ್ಕೆ. ಮಾವನ ಕಾಲದ್ದು ಮರದ ಬೋಟು, ಈಗಿನದು ಕಬ್ಬಿಣದ್ದು. ಅಡಿಗೆ ಹಿಡಿದ ಚಿಪ್ಪು, ಪಾಚಿ ಕೆರೆದು ತೆಗೆಯಬೇಕು; ಅದು ಇದ್ದರೆ ಬೋಟಿನ ಓಟ ತಗ್ಗಿ ಡೀಸೆಲ್ ಹೆಚ್ಚು ಕುಡಿಯುತ್ತದೆ. ತುಕ್ಕು ಹೊಡೆದು, ಪ್ರೈಮರ್, ಪೈಂಟು. ನೀರಿನೊಳಗಿನ ಭಾಗಕ್ಕೆ ಸತುವಿನ ತುಂಡುಗಳನ್ನು ಕೂರಿಸಬೇಕು. ಉಪ್ಪುನೀರು ಕಬ್ಬಿಣವನ್ನು ತಿನ್ನುವ ಮೊದಲು ಸತುವನ್ನು ತಿನ್ನುತ್ತದೆ, ವರ್ಷದ ಕೊನೆಗೆ ಅದು ಸವೆದು ಅರ್ಧ ಆಗಿರುತ್ತದೆ. ಇದರಲ್ಲಿ ಉಳಿತಾಯ ಮಾಡಲು ಹೋಗಬಾರದು. ಬೋಟನ್ನು ಮುಂದಕ್ಕೆ ತಳ್ಳುವ ಫ್ಯಾನಿನ ಎಲೆ ಬಾಗಿದೆಯೋ, ಶಾಫ್ಟಿನ ಬುಶ್ ಸಡಿಲವಾಗಿದೆಯೋ ನೋಡಬೇಕು. ಎಂಜಿನ್ ಬಿಚ್ಚುವ ದಿನ ಭಾವ ಯಾರ ಹತ್ತಿರವೂ ಮಾತಾಡುವುದಿಲ್ಲ. ಎಲ್ಲ ಬೋಟಿನವರಿಗೂ ಅದೇ ಎರಡು ತಿಂಗಳು ಮೆಕ್ಯಾನಿಕ್ ಬೇಕು, ವೆಲ್ಡರ್ ಬೇಕು, ಯಾರ್ಡಿನಲ್ಲಿ ಜಾಗ ಬೇಕು. ಏಪ್ರಿಲ್‌ನಲ್ಲೇ ಮಾತಾಡಿ ಮುಂಗಡ ಕೊಟ್ಟವರಿಗೆ ಜೂನ್‌ನಲ್ಲಿ ಕೆಲಸ ಆಗುತ್ತದೆ, ಉಳಿದವರಿಗೆ ಜುಲೈ ಕೊನೆಗೆ ಎರಡು ಪಟ್ಟು ರೇಟು. ನಾನು ವರ್ಷವಿಡೀ ಪುಸ್ತಕದ ಕೊನೆಯ ಪುಟದಲ್ಲಿ ಬೋಟಿನ ಸಣ್ಣಪುಟ್ಟ ತೊಂದರೆ ಬರೆಯುತ್ತ ಹೋಗುವುದು ಇದಕ್ಕೇ: ವಿಂಚ್‌ನಲ್ಲಿ ಶಬ್ದ, ಎಡಬದಿಯ ಟ್ಯಾಂಕಿನ ಮುಚ್ಚಳದಲ್ಲಿ ನೀರು, ಗೇರ್‌ಬಾಕ್ಸ್ ಬಿಸಿ.

ಬಲೆ ರಿಪೇರಿ ಮಾವನದ್ದು. ಜಗಲಿಯ ಕಂಬಕ್ಕೆ ಬಲೆ ಕಟ್ಟಿ, ಕಾಲ ಹೆಬ್ಬೆರಳಿಗೆ ಒಂದು ಬದಿ ಸಿಕ್ಕಿಸಿಕೊಂಡು ಕೂರುತ್ತಾರೆ. ಕಣ್ಣು ಸರಿಯಾಗಿ ಕಾಣದಿದ್ದರೂ ಅಂಗೈಯನ್ನು ಬಲೆಯ ಮೇಲೆ ಸವರುತ್ತ ಹೋಗಿ, ಕಡಿದ ನೂಲು ಸಿಕ್ಕಿದಲ್ಲಿ ನಿಲ್ಲುತ್ತಾರೆ. ಎರಡು ಬೆರಳಲ್ಲಿ ಕಣ್ಣಿನ ಅಳತೆ ಹಿಡಿದು ಸೂಜಿ ಹಾಯಿಸಿ ಗಂಟು ಬಿಗಿಯುತ್ತಾರೆ. ನಮ್ಮ ಮಗ ಪಕ್ಕದಲ್ಲಿ ಕೂತು ಸೂಜಿಗೆ ನೂಲು ಸುತ್ತಿ ಕೊಡುತ್ತಾನೆ. ಅವನು ಬೋಟಿಗೇ ಬರಬೇಕು ಎಂದು ನಾನು ಹೇಳುವುದಿಲ್ಲ. ಬಲೆ ಕಟ್ಟುವುದು ಮಾತ್ರ ಕಲಿತಿರಲಿ.

ಈ ಎರಡು ತಿಂಗಳು ಬಂದರು ಪೂರ್ತಿ ಸುಮ್ಮನಿರುವುದಿಲ್ಲ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಕಡಲಿಗೆ ಹೋಗಲು ಅವಕಾಶ ಇದೆ. ಇವರ ಚಿಕ್ಕಪ್ಪನ ಮಕ್ಕಳು ಕಡಲು ಸ್ವಲ್ಪ ಇಳಿದ ದಿನ ದೋಣಿ ಇಳಿಸುತ್ತಾರೆ, ಅವರ ಸಿಗಡಿಗೆ ಆಗ ಚಿನ್ನದ ಬೆಲೆ.

ಜುಲೈ ನಡುವಿಗೆ ಕಲಾಸಿಗಳಿಗೆ ಮುಂಗಡ ಕಳಿಸಬೇಕು. ಎಲ್ಲಿಯೂ ಸಾಲ ಮಾಡದೆ ಈ ಮುಂಗಡ ಕಳಿಸಲು ಸಾಧ್ಯವಾದ ವರ್ಷವನ್ನು ನಾನು ಒಳ್ಳೆಯ ವರ್ಷ ಎಂದು ಬರೆದುಕೊಳ್ಳುತ್ತೇನೆ, ಹಿಡಿದ ಮೀನು ಎಷ್ಟೇ ಇರಲಿ. ಅದಕ್ಕಾಗಿ ಸೆಪ್ಟೆಂಬರ್‌ನಿಂದಲೇ ಪ್ರತಿ ಟ್ರಿಪ್ಪಿನ ಬೋಟಿನ ಪಾಲಿನಲ್ಲಿ ಒಂದಂಶವನ್ನು ಬೇರೆ ಖಾತೆಗೆ ಹಾಕುತ್ತೇನೆ. ಇವರು ಕೇಳಿದರೂ ಅದನ್ನು ತೆಗೆದು ಕೊಡುವುದಿಲ್ಲ. ಈ ಸಲ ಮುಂಗಡ ಕಳಿಸಿಯೂ ಖಾತೆಯಲ್ಲಿ ಸ್ವಲ್ಪ ಉಳಿದಿದೆ. ಗೇರ್‌ಬಾಕ್ಸ್ ಹೊಸದು ಹಾಕಲು ಸಾಲದು, ಹಳೆಯದರ ಬೇರಿಂಗ್, ಸೀಲು ಬದಲಾಯಿಸಲು ಸಾಕು. ಮುಂಗಡ ತೆಗೆದುಕೊಂಡವರಲ್ಲಿ ಭಟ್ಕಳದ ಒಬ್ಬ ಮದುವೆ ಇದೆ ಎಂದು ಆಗಸ್ಟ್ ಕೊನೆಗೆ ಬರುವುದಾಗಿ ಫೋನ್ ಮಾಡಿದ್ದಾನೆ. ಅವನ ಜಾಗಕ್ಕೆ ಮೊದಲ ಟ್ರಿಪ್ಪಿಗೆ ಪಡುಕರೆಯ ಹುಡುಗನೊಬ್ಬನನ್ನು ಕೇಳಿದ್ದೇವೆ. ಸ್ಟೋರೇಜಿನಲ್ಲಿ ಐಸ್ ಹಾಕುವುದು ಅವನಿಗೆ ಹೊಸತು, ಹೊರಡುವ ಮುಂಚೆ ಇವರೇ ಜತೆಗೆ ಇಳಿದು ಒಂದು ಸಲ ತೋರಿಸಿಕೊಡಬೇಕು.